ಹಾಜರಿ ಪುಸ್ತಕದಲ್ಲಿ ನನ್ನ ಹೆಸರು

ಎಂಟು ತಿಂಗಳು ನಾನು ಚರ್ಚಿಗೆ ಹೋಗಿರಲಿಲ್ಲ. ಯಾರ ಮೇಲೂ ಸಿಟ್ಟಿರಲಿಲ್ಲ, ದೇವರ ಮೇಲಿನ ನಂಬಿಕೆ ಹೋಗಿತ್ತು ಅಂತಲೂ ಅಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಶನಿವಾರ ರಾತ್ರಿ ಶಿಫ್ಟ್ ಇರುತ್ತಿತ್ತು, ಭಾನುವಾರ ಬೆಳಿಗ್ಗೆ ಏಳೋಕೆ ಆಗ್ತಿರಲಿಲ್ಲ. ಆಮೇಲೆ ಶಿಫ್ಟ್ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.

ನಮ್ಮೂರು ಗದಗದ ಪಕ್ಕದ ಬೆಟಗೇರಿ. ಬಾಸೆಲ್ ಮಿಷನ್ ಕಾಲದಿಂದ ನಮ್ಮ ಮನೆತನ ಕ್ರೈಸ್ತರದು. ತಾಟಿನಲ್ಲಿ ಜೋಳದ ರೊಟ್ಟಿ, ಚರ್ಚಿನಲ್ಲಿ ಪರದೇಶದ ರಾಗಕ್ಕೆ ಕೂಡಿಸಿದ ಕನ್ನಡ ಹಾಡು. ಅಪ್ಪ ಶನಿವಾರ ರಾತ್ರಿ ಹಾರ್ಮೋನಿಯಂ ಮುಂದೆ ಕೂತು ಮರುದಿನದ ಹಾಡುಗಳನ್ನು ಒಮ್ಮೆ ನುಡಿಸಿ ನೋಡುತ್ತಿದ್ದರು. ಊರಲ್ಲಿ ಒಂದು ಭಾನುವಾರ ತಪ್ಪಿಸಿದರೆ ಸಾಕು, ಮಧ್ಯಾಹ್ನದ ಊಟದೊಳಗೆ ಮೂರು ಮನೆಯವರು ಬಂದು "ಯಾಕವಾ, ಆರಾಮ ಇಲ್ಲೇನು?" ಅಂತ ಕೇಳೋರು. ಆಗ ಅದು ಕಿರಿಕಿರಿ ಅನಿಸುತ್ತಿತ್ತು.

ಬೆಂಗಳೂರಿನಲ್ಲಿ ಎರಡು ತಿಂಗಳು ಒಂದು ದೊಡ್ಡ ಕನ್ನಡ ಚರ್ಚಿಗೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದ ಕೂಡಲೇ ಎದ್ದು ಬರುತ್ತಿದ್ದೆ. ಹೋಗೋದು ನಿಲ್ಲಿಸಿದಾಗ ಅದು ಯಾರಿಗೂ ಗೊತ್ತಾಗಲಿಲ್ಲ. ಅವರದೇ ತಪ್ಪು ಅಂತ ಹೇಳಲಾರೆ. ನಾನೂ ಅಲ್ಲಿ ಒಬ್ಬರ ಹೆಸರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

ನನ್ನನ್ನು ಮತ್ತೆ ಎಳೆದುಕೊಂಡು ಹೋದವಳು ನಮ್ಮ ಟೀಮಿನ ಹುಡುಗಿ. ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಕಡೆಯವಳು. ಒಂದು ಶುಕ್ರವಾರ ಕ್ಯಾಂಟೀನಿನಲ್ಲಿ "ನೀನು ಯಾವ ಚರ್ಚಿಗೆ ಹೋಗ್ತೀಯ?" ಅಂದಳು. "ನಾವು ಸಿಎಸ್‌ಐ" ಅಂದೆ. "ಅದು ಗೊತ್ತಾಯ್ತು. ಹೋಗೋದೆಲ್ಲಿಗೆ?" ನಾನು ಸುಮ್ಮನಾದೆ. ಅವಳೇ ಹೇಳಿದಳು: "ಭಾನುವಾರ ಮೂರಕ್ಕೆ ಬಾ. ನಮ್ಮದು ಬ್ಯಾಪ್ಟಿಸ್ಟ್. ಆರಾಧನೆ ಆದಮೇಲೆ ಊಟ ಇದೆ."

ನಿಜ ಹೇಳಬೇಕೆಂದರೆ ನಾನು ಹೋಗಿದ್ದು ಊಟಕ್ಕೆ. ಪಿಜಿಯಲ್ಲಿ ಭಾನುವಾರ ರಾತ್ರಿ ಅಡುಗೆ ಇರುತ್ತಿರಲಿಲ್ಲ.

ಅವರಿಗೆ ಸ್ವಂತ ಕಟ್ಟಡ ಇಲ್ಲ. ಬೇರೆ ಸಭೆಯವರ ಹಾಲ್. ಬೆಳಿಗ್ಗೆ ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಇವರಿಗೆ. ಎಪ್ಪತ್ತು ಜನ ಇದ್ದಿರಬಹುದು. ನರ್ಸಿಂಗ್ ಓದುವವರು, ಹೋಟೆಲಿನಲ್ಲಿ ಕೆಲಸ ಮಾಡುವವರು, ಸಲೂನಿನವರು, ನಮ್ಮಂಥ ಐಟಿಯವರು. ಆವೋ, ಸುಮಿ, ಅಂಗಾಮಿ, ಲೋಥಾ ಹೀಗೆ ಬೇರೆ ಬೇರೆ ಬುಡಕಟ್ಟು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಾಗಿ ಆರಾಧನೆ ಇಂಗ್ಲಿಷಿನಲ್ಲಿ, ಹರಟೆ ನಾಗಾಮೀಸ್‌ನಲ್ಲಿ.

ಹಾಡು ಶುರುವಾಯಿತು. ಎಲ್ಲರೂ ಒಂದೇ ಸ್ವರ ಹಾಡಲಿಲ್ಲ. ಯಾರೂ ಹೇಳದೆಯೇ ನಾಲ್ಕು ದನಿಗಳಾಗಿ ಬಿಡಿಸಿಕೊಂಡು ಹಾಡತೊಡಗಿದರು. ಎರಡನೇ ಹಾಡಿನ ರಾಗ ಕೇಳಿ ನಾನು ತಲೆ ಎತ್ತಿದೆ. ಅದು ಅಪ್ಪ ಹಾರ್ಮೋನಿಯಂನಲ್ಲಿ ನುಡಿಸುತ್ತಿದ್ದ ರಾಗ. ಅವರು ಇಂಗ್ಲಿಷಿನಲ್ಲಿ ಹಾಡಿದರು, ನಾನು ಕನ್ನಡದಲ್ಲಿ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವತ್ತಿನ ತನಕ ಆ ಹಾಡನ್ನು ನಾನು ಬಾಯಿಬಿಟ್ಟು ಹಾಡಿರಲಿಲ್ಲ.

ಆಮೇಲೆ ಬ್ಯಾಪ್ಟಿಸ್ಟರ ಬಗ್ಗೆ ಸ್ವಲ್ಪ ಓದಿಕೊಂಡೆ. ಅಮೆರಿಕದ ಮಿಷನರಿ ಇ. ಡಬ್ಲ್ಯು. ಕ್ಲಾರ್ಕ್ ಮತ್ತು ಅಸ್ಸಾಮಿನ ಗೋಧುಲಾ ಇಬ್ಬರ ಕೆಲಸದಿಂದ ಆವೋ ನಾಗರ ನಡುವೆ ಮೊದಲ ಚರ್ಚು ಹುಟ್ಟಿದ್ದು 1872ರಲ್ಲಿ. 2011ರ ಜನಗಣತಿ ಪ್ರಕಾರ ನಾಗಾಲ್ಯಾಂಡಿನ ಜನರಲ್ಲಿ ಸುಮಾರು ಶೇ 88ರಷ್ಟು ಕ್ರೈಸ್ತರು. ಅವರಲ್ಲಿ ಹೆಚ್ಚಿನವರು ಬ್ಯಾಪ್ಟಿಸ್ಟರು. ಇನ್ನೊಂದು ಸಂಗತಿ ನನಗೆ ಬಹಳ ಖುಷಿ ಕೊಟ್ಟಿತು. 1793ರಲ್ಲಿ ಬಂಗಾಳಕ್ಕೆ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ, ಕನ್ನಡಕ್ಕೊಂದು ವ್ಯಾಕರಣ ಬರೆದು 1817ರಲ್ಲಿ ಸೆರಾಂಪುರದಲ್ಲಿ ಅಚ್ಚು ಹಾಕಿಸಿದ್ದರು. ಗೆಳತಿಗೆ ಹೇಳಿದೆ, "ನೋಡು, ನಿಮ್ಮವರು ನಮ್ಮ ಭಾಷೆ ಕಲಿತಿದ್ದರು. ನೀನು ಐದು ವರ್ಷದಿಂದ ಇಲ್ಲಿದ್ದೀಯ, 'ಊಟ ಆಯ್ತಾ' ಬಿಟ್ಟು ಏನೂ ಬರಲ್ಲ." ಅವಳು ನಕ್ಕು, "ನಿನಗೆ ಆವೋ ಭಾಷೆ ಎಷ್ಟು ಬರುತ್ತೆ?" ಅಂದಳು. ಬಾಯಿ ಮುಚ್ಚಿಕೊಂಡೆ.

ಮೊದಲ ದಿನವೇ ಒಬ್ಬ ಆಂಟಿ ನನ್ನ ಬಳಿ ಬಂದರು. ಕೈಯಲ್ಲಿ ಉದ್ದನೆಯ ನೋಟ್‌ಬುಕ್. ಹೆಸರು, ಫೋನ್ ನಂಬರ್, ಇರುವ ಜಾಗ, ಹತ್ತಿರದ ಗೆಳೆಯರ ನಂಬರ್ ಎಲ್ಲ ಬರೆದುಕೊಂಡರು. ಇದೇನು ಪೊಲೀಸ್ ವೆರಿಫಿಕೇಶನ್ ಥರ ಅಂದುಕೊಂಡೆ. ಆ ಪುಸ್ತಕದ ಕಥೆ ಗೊತ್ತಾಗಿದ್ದು ಮುಂದಿನ ತಿಂಗಳು, ಪಾತ್ರೆ ತೊಳೆಯುವಾಗ.

2012ರ ಆಗಸ್ಟ್ ನಿಮಗೆ ನೆನಪಿರಬಹುದು. ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಸಾವಿರಾರು ಜನ ಬ್ಯಾಗ್ ಹಿಡಿದು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆ ವಾರ ಯಾರು ಹೊರಟರು, ಯಾರು ಉಳಿದರು, ಯಾರ ಫೋನ್ ಸ್ವಿಚ್ ಆಫ್ ಅಂತ ಒಂದೂ ಗೊತ್ತಾಗದೆ ಆಂಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದರಂತೆ. "ಹೋದವರು ಎಷ್ಟೋ ಜನ ವಾಪಸ್ ಬಂದರು. ಬರೆಯೋದನ್ನು ನಾನು ನಿಲ್ಲಿಸಲಿಲ್ಲ" ಅಂದರು. ಪ್ರತಿ ಭಾನುವಾರ ಯಾರು ಬಂದಿಲ್ಲ ನೋಡುತ್ತಾರೆ. ಎರಡು ವಾರ ಸತತ ಬರದಿದ್ದರೆ ಅವರಿಂದ ಫೋನ್ ಬರುತ್ತದೆ.

ನನಗೆ ಬೆಟಗೇರಿ ನೆನಪಾಯಿತು. "ಯಾಕವಾ, ಆರಾಮ ಇಲ್ಲೇನು?"

ತಿಂಗಳಿಗೊಮ್ಮೆ ಎಲ್ಲರೂ ಮನೆಯಿಂದ ಏನಾದರೂ ಮಾಡಿ ತರುತ್ತಾರೆ. ಬಿದಿರಿನ ಕಳಲೆ ಹಾಕಿದ ಹಂದಿ ಮಾಂಸ, ಅನ್ನ ಸೊಪ್ಪು ಕೂಡಿಸಿ ಬೇಯಿಸಿದ ಗಾಲ್ಹೋ, ರಾಜಾ ಮೆಣಸಿನಕಾಯಿ ಚಟ್ನಿ. ಸೋಯಾ ಕಾಳು ಹುದುಗಿಸಿ ಮಾಡುವ ಆಖುನಿಯ ವಾಸನೆಗೆ ಮೊದಲ ಸಲ ನಾನು ಮೂಗು ಹಿಂಡಿದ್ದು ನಿಜ. ಆ ವಾಸನೆಯ ಕಾರಣಕ್ಕೇ ಮನೆ ಖಾಲಿ ಮಾಡಿದವರು ಅಲ್ಲಿ ಇಬ್ಬರಿದ್ದರು. ಅದನ್ನು ಕೇಳಿದ ಮೇಲೆ ಮೂಗು ಹಿಂಡೋದು ಬಿಟ್ಟೆ. ನಾನು ಒಯ್ದದ್ದು ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಹಿಂಡಿ ಡಬ್ಬಿ ಹತ್ತೇ ನಿಮಿಷದಲ್ಲಿ ಖಾಲಿ. ಖಾರ ತಿನ್ನುವ ವಿಷಯದಲ್ಲಿ ಅವರೂ ನಾವೂ ಅಣ್ಣತಮ್ಮಂದಿರು.

ಹೀಗೆ ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಮಾತು ಬಂತು.

ಊಟದ ಹೊತ್ತಿನಲ್ಲಿ ಒಬ್ಬ ಹಿರಿಯರು ಪ್ರೀತಿಯಿಂದಲೇ ಕೇಳಿದರು: "ನಿನ್ನ ದೀಕ್ಷಾಸ್ನಾನ ಆಗಿದೆಯಾ ಮಗಳೇ?" ನಾನು "ಆಗಿದೆ ಅಂಕಲ್, ಮೂರು ತಿಂಗಳ ಮಗುವಾಗಿದ್ದಾಗಲೇ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಹಾಗಾದರೆ ಇನ್ನೂ ಆಗಿಲ್ಲ."

ಅವರ ನಂಬಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ಬ್ಯಾಪ್ಟಿಸ್ಟರಿಗೆ ಆ ಹೆಸರು ಬಂದಿದ್ದೇ ಅದರಿಂದ. ಬುದ್ಧಿ ತಿಳಿದವರು ತಾವಾಗಿ "ನಾನು ನಂಬಿದ್ದೇನೆ" ಅಂತ ಎಲ್ಲರ ಮುಂದೆ ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಮಗುವಿನ ತಲೆಗೆ ನೀರು ಹಾಕಿದರೆ ಅವರ ಲೆಕ್ಕಕ್ಕೆ ಅದು ದೀಕ್ಷಾಸ್ನಾನವಲ್ಲ. ನನ್ನ ಗೆಳತಿ ಹದಿನಾರನೇ ವಯಸ್ಸಿನಲ್ಲಿ ಊರ ಹೊಳೆಯಲ್ಲಿ ಮುಳುಗಿ ಎದ್ದಳಂತೆ, ಡಿಸೆಂಬರ್ ಚಳಿಯಲ್ಲಿ. ನಮ್ಮ ಸಭೆಯಲ್ಲಿ ಹಾಗಲ್ಲ. ತಂದೆತಾಯಿ ಮಗುವಿನ ಪರವಾಗಿ ಮಾತು ಕೊಡುತ್ತಾರೆ. ದೊಡ್ಡವರಾದ ಮೇಲೆ ನಾವೇ ಎದ್ದು ನಿಂತು ಆ ಮಾತನ್ನು ಒಪ್ಪಿಕೊಳ್ಳುತ್ತೇವೆ.

ಇದೆಲ್ಲ ಗೊತ್ತಿದ್ದೂ ಆ ಮಾತು ನನಗೆ ನಾಟಿತು. ನಮ್ಮ ಮನೆಯಲ್ಲಿ ಒಂದು ಫೋಟೋ ಇದೆ. ಅಪ್ಪ ಬಿಳಿ ಶರ್ಟ್ ಹಾಕಿಕೊಂಡು ನನ್ನನ್ನು ಎತ್ತಿಕೊಂಡು ನಿಂತಿದ್ದಾರೆ. ನಾನು ಬಾಯಿ ತೆರೆದು ಅಳುತ್ತಿದ್ದೇನೆ. ಅಯ್ಯನವರ ಕೈ ನನ್ನ ತಲೆಯ ಮೇಲಿದೆ. "ಇನ್ನೂ ಆಗಿಲ್ಲ" ಅಂದರೆ ಆ ಫೋಟೋದಲ್ಲಿ ನಡೆದದ್ದೇನು?

ಅವ್ವನಿಗೆ ಫೋನಿನಲ್ಲಿ ಹೇಳಿ ತಪ್ಪು ಮಾಡಿದೆ. "ಹಂಗಾರ ಮತ್ತೊಮ್ಮೆ ನೀರಾಗ ಮುಳುಗಿ ಬರ್ತಿಯೇನ? ನಿಮ್ಮಪ್ಪ ನಿನ್ನ ಎತ್ತಿಕೊಂಡು ನಿಂತಿದ್ದು ಸುಳ್ಳೇನ?" ಅಂದಳು. ಅವಳ ದನಿ ನಡುಗುತ್ತಿತ್ತು.

ಮುಂದಿನ ಎರಡು ಭಾನುವಾರ ನಾನು ಹೋಗಲಿಲ್ಲ. ಆಫೀಸಿನಲ್ಲಿ ಗೆಳತಿಯ ಜೊತೆಗೂ ಕೆಲಸದ ಮಾತಷ್ಟೇ. ಎರಡನೇ ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಬಂತು. ನೋಟ್‌ಬುಕ್ ಆಂಟಿ.

"ಎರಡು ವಾರ ಆಯ್ತು. ಜ್ವರವಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಡೆದದ್ದನ್ನು, ಫೋಟೋ ವಿಷಯವನ್ನು, ಅವ್ವನ ಮಾತನ್ನು ಎಲ್ಲ ಹೇಳಿದೆ. ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳುವುದು ನನ್ನಿಂದ ಆಗುವುದಿಲ್ಲ, ಅದು ಅಪ್ಪ ಕೊಟ್ಟ ಮಾತನ್ನು ಅಳಿಸಿದ ಹಾಗೆ ಅನಿಸುತ್ತದೆ ಅಂದೆ. ಆಂಟಿ ಮಧ್ಯದಲ್ಲಿ ಒಂದು ಸಲವೂ ತಡೆಯಲಿಲ್ಲ. ಕೊನೆಗೆ ಹೇಳಿದರು:

"ಅವನು ಹೇಳಿದ್ದನ್ನು ನಾನೂ ನಂಬುತ್ತೇನೆ. ನಿನ್ನ ಮುಂದೆ ಇಲ್ಲ ಅಂತ ನಾಟಕ ಮಾಡಲ್ಲ. ಆದರೆ ಆ ಪುಸ್ತಕದಲ್ಲಿ ನಿನ್ನ ಹೆಸರು ಬರೆಯುವಾಗ ನಾನು ಅದನ್ನು ಕೇಳಿರಲಿಲ್ಲ. ಕೇಳಿದ್ದು ಎಲ್ಲಿರ್ತೀಯ ಅಂತ. ಬರುವ ವಾರ ಊಟದ ಭಾನುವಾರ. ಶೇಂಗಾ ಚಟ್ನಿ ಯಾರು ತರ್ತಾರೆ?"

ನಗು ಬಂತು, ಅಳುವೂ ಬಂತು.

ಹೋದೆ. ಆ ಹಿರಿಯರು ಬಾಗಿಲಲ್ಲೇ ನಿಂತಿದ್ದರು. "ನಿನ್ನ ಅಪ್ಪನ ಬಗ್ಗೆ ನನಗೆ ಗೊತ್ತಿರಲಿಲ್ಲ ಮಗಳೇ" ಅಂದರು. ತಮ್ಮ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ನಾನೂ ನನ್ನದನ್ನು ಬಿಡಲಿಲ್ಲ. ಅವತ್ತು ಕರ್ತನ ಭೋಜನವಿತ್ತು. ಕೆಲವು ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಮುಳುಗು ದೀಕ್ಷಾಸ್ನಾನ ಆದವರಿಗೆ ಮಾತ್ರ ರೊಟ್ಟಿ ಕೊಡುತ್ತಾರೆ. ಇನ್ನು ಕೆಲವು ಕಡೆ ಕರ್ತನನ್ನು ನಂಬಿದವರೆಲ್ಲರಿಗೂ. ಇವರದು ಎರಡನೇ ಬಗೆ. ಕೂತಲ್ಲಿಗೇ ತಟ್ಟೆ ಬಂತು, ಪುಟ್ಟ ಲೋಟಗಳಲ್ಲಿ ದ್ರಾಕ್ಷಿ ರಸ ಬಂತು. ತಟ್ಟೆಯನ್ನು ನನ್ನ ಕೈಗೆ ದಾಟಿಸಿದವರು ಅವರೇ.

ಕನ್ನಡ ಬೈಬಲಿನಲ್ಲಿ 'ಅನ್ಯೋನ್ಯತೆ' ಎಂಬ ಮಾತು ಬರುತ್ತದೆ. ಚಿಕ್ಕಂದಿನಿಂದ ಕೇಳಿದ್ದೇನೆ. ಎಲ್ಲರೂ ಒಂದೇ ಥರ ಯೋಚಿಸುವುದು ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ಒಪ್ಪದ ಮಾತನ್ನು ಒಪ್ಪಲ್ಲ ಅಂತಲೇ ಹೇಳಿ, ಆಮೇಲೂ ಪಕ್ಕದ ಕುರ್ಚಿ ಹಿಡಿದಿಟ್ಟುಕೊಂಡಿರುವುದು ಅನ್ಯೋನ್ಯತೆ.

ಕಳೆದ ಬೇಸಿಗೆಯಲ್ಲಿ ಅವ್ವ ಬೆಂಗಳೂರಿಗೆ ಬಂದಿದ್ದಳು. "ನಾ ಒಲ್ಲೆ" ಅಂತ ಹಟ ಮಾಡಿದವಳು, ಕೊನೆಗೆ ನಲವತ್ತು ರೊಟ್ಟಿ ಕಟ್ಟಿಕೊಂಡು ಹೊರಟಳು. ಆಂಟಿಗೆ ಕನ್ನಡ ಬರಲ್ಲ, ಅವ್ವನಿಗೆ ಕನ್ನಡ ಬಿಟ್ಟು ಬೇರೇನೂ ಬರಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅವ್ವ ಕಿಟಕಿ ನೋಡುತ್ತಾ ಹೇಳಿದಳು, "ನೀರಿನ ಮಾತು ಇರಲಿ ಬಿಡು. ಹಾಡು ನಮ್ಮವ ಅದಾವು."

ಈಗ ಭಾನುವಾರ ನನಗೆ ಎರಡು ಚರ್ಚು. ಮಧ್ಯಾಹ್ನ ಅಲ್ಲಿ. ಬೆಳಿಗ್ಗೆ ಮಾತ್ರ ನಾನು ಬಿಟ್ಟು ಬಂದಿದ್ದ ಕನ್ನಡ ಚರ್ಚಿಗೇ ಮತ್ತೆ ಹೋಗುತ್ತೇನೆ. ಈ ಸಲ ಹಿಂದಿನ ಬೆಂಚಿನ ಐದು ಜನರ ಹೆಸರು, ನಂಬರ್ ಕೇಳಿ ಬರೆದುಕೊಂಡಿದ್ದೇನೆ. ಅವರಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಎರಡು ವಾರದಿಂದ ಬಂದಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ, "ಯಾಕವಾ, ಆರಾಮ ಇಲ್ಲೇನು?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದಳು, "ಅಕ್ಕ, ನಾನು ಬಂದಿಲ್ಲ ಅಂತ ನಿಮಗೆ ಹೆಂಗ ಗೊತ್ತಾತು?"