ಬಸವನಗುಡಿಯ ಬಂಡೆ, ಅರ್ಜುನವಾಡದ ಶಾಸನ

ಎನ್.ಆರ್. ಕಾಲೋನಿಯ ನಮ್ಮ ಮನೆಯಿಂದ ಬುಲ್ ಟೆಂಪಲ್ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ ಕಹಳೆ ಬಂಡೆಯೂ ಅದರ ಮಗ್ಗುಲಲ್ಲೇ ದೊಡ್ಡ ಬಸವನ ಗುಡಿಯೂ ಸಿಗುತ್ತವೆ. ರಜೆಗೆ ಬಂದಿದ್ದ ಮೊಮ್ಮಗಳನ್ನು ಒಂದು ಮುಂಜಾನೆ ಅಲ್ಲಿಗೆ ಕರೆದೊಯ್ದಿದ್ದೆ. ಏಕಶಿಲೆಯಲ್ಲಿ ಕಡೆದ ಆ ನಂದಿಯ ಎತ್ತರ ಸುಮಾರು 15 ಅಡಿ, ಉದ್ದ 20 ಅಡಿ. 16ನೆಯ ಶತಮಾನದಲ್ಲಿ ಕೆಂಪೇಗೌಡರು ಗುಡಿಯನ್ನು ಕಟ್ಟಿಸಿದರೆಂದು ಪ್ರತೀತಿ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಬೆಳೆಯನ್ನು ಬಸವ ಮೇಯುತ್ತಿದ್ದ ಕಥೆಯನ್ನೂ, ಕಾರ್ತಿಕದ ಕಡೆಯ ಸೋಮವಾರದ ಪರಿಷೆಯನ್ನೂ ಉತ್ಸಾಹದಿಂದ ವರ್ಣಿಸಿದೆ. ಎಲ್ಲವನ್ನೂ ಕೇಳಿ ಆಕೆ, "ತಾತ, ವಚನ ಬರೆದವರು ಇವರೇನಾ?" ಎಂದಳು.

ನಕ್ಕುಬಿಟ್ಟೆ. ನಗಬಾರದಿತ್ತು. ವೃಷಭ ಶಬ್ದದಿಂದಲೇ ಬಸವ ಎಂಬ ಹೆಸರು ಬಂದಿದೆ; ಅಣ್ಣನವರನ್ನು ನಂದಿಯ ಅವತಾರವೆಂದು ಪುರಾಣಗಳು ಕೊಂಡಾಡಿವೆ. ಭೀಮಕವಿ 1369ರಲ್ಲಿ ಬಸವಪುರಾಣವನ್ನು ರಚಿಸಿದಂದಿನಿಂದ ಮನೆಮನೆಯಲ್ಲೂ ಆ ಕಥೆಯೇ. ಮಗು ತಪ್ಪಿದ್ದು ಎಲ್ಲಿ?

ಅಲ್ಲಿಂದ ಲಾಲ್‌ಬಾಗಿನ ಬಂಡೆಗೆ ಹೋದೆವು. ಮೇಲೆ ಕೆಂಪೇಗೌಡರ ಗೋಪುರ. ಕೆಳಗೆ ಭೂವಿಜ್ಞಾನ ಇಲಾಖೆಯವರ ಫಲಕ. ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ತಿಳಿದು ಬೆರಗಾದಳು. ಮತ್ತೆ ಅದೇ ಪಟ್ಟು: "ಬಂಡೆಗೇ ವಯಸ್ಸು ಬರೆದಿದ್ದಾರೆ. ಬಸವಣ್ಣನವರು ನಿಜವಾಗಿ ಇದ್ದರು ಅಂತ ಎಲ್ಲಿ ಬರೆದಿದೆ?"

ದಿನವೂ ಪೂಜೆಯ ಹೊತ್ತಿನಲ್ಲಿ ಆಕೆಯಿಂದ ವಚನ ಹೇಳಿಸುತ್ತೇವೆ. ಹೇಳಿದವರು ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ ಭಂಡಾರ ನೋಡಿಕೊಂಡ, ಲೆಕ್ಕ ಬಲ್ಲ ಮನುಷ್ಯರೆಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಆ ಬಂಡೆಯ ಮೇಲೆಯೇ ಕುಳಿತು ಅರ್ಜುನವಾಡದ ಶಾಸನದ ವಿಷಯ ಹೇಳಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಆ ಊರಲ್ಲಿ, ಯಾದವ ದೊರೆ ಕನ್ನರನ ಕಾಲದಲ್ಲಿ, 1260ರಲ್ಲಿ ಕಂಡರಿಸಿದ ಶಾಸನವದು. ಅಣ್ಣನವರು ಲಿಂಗೈಕ್ಯರಾದುದು 1167ರಲ್ಲಿ ಎಂದು ಹಿಡಿದರೆ ಇನ್ನೂ ನೂರು ವರ್ಷವೂ ತುಂಬಿರಲಿಲ್ಲ. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನೆಂದು ಅಲ್ಲಿ ಸ್ಪಷ್ಟವಾಗಿದೆ. ಅವರ ಅಣ್ಣ ದೇವರಾಜನ ವಂಶದವರ ಹೆಸರುಗಳೂ ಇವೆ. ಪವಾಡ ಹೇಳಲು ಕೆತ್ತಿದ ಕಲ್ಲಲ್ಲ, ದಾನಪತ್ರ. ಅದಕ್ಕೇ ನನಗೆ ಅದರಲ್ಲಿ ಹೆಚ್ಚು ನಂಬಿಕೆ.

"ಅವರಿಗೆ ಅಣ್ಣ ಇದ್ದರಾ?" ಎಂದು ಕೇಳಿದಳು. ನಂದಿಗಿಂತಲೂ 300 ಕೋಟಿ ವರ್ಷಕ್ಕಿಂತಲೂ ಆಕೆಗೆ ಅದೇ ದೊಡ್ಡ ಸುದ್ದಿಯಾಗಿತ್ತು.

ಮನೆಗೆ ಬಂದೊಡನೆ ನಕಾಶೆ ಹರಡಿ ಹುಕ್ಕೇರಿಯ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ. ದಸರಾ ರಜೆಗೆ ಬೆಳಗಾವಿಯ ರೈಲಿಗೆ ಟಿಕೆಟ್ ತೆಗೆಸಬೇಕು.