ಹಾವೋ, ಹಗ್ಗವೋ?

ಸಂಶಯವೆಂಬ ಮಾತಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. 'ಸಂಶಯಪಿಶಾಚಿ' ಎಂಬ ಬೈಗುಳವೇ ಉಂಟು. ಆದರೆ ಸಂಶಯದಲ್ಲಿ ಎರಡು ಬಗೆಗಳಿವೆ. ಪರರ ಮೇಲೆ ಗುಮಾನಿ ಪಡುವುದು ಒಂದು. ತಾನು ನಂಬಿರುವುದು ನಿಜವೇ ಎಂದು ತನ್ನನ್ನೇ ಕೇಳಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಯಾರೂ ಕಲಿಸಬೇಕಾಗಿಲ್ಲ. ಎರಡನೆಯದನ್ನಾದರೋ ಪ್ರಯತ್ನದಿಂದಲೇ ಕಲಿಯಬೇಕು. ಅದನ್ನು ಬದುಕಿನ ಕ್ರಮವನ್ನಾಗಿಯೇ ಮಾಡಿಕೊಂಡವರು ಪ್ರಾಚೀನ ಗ್ರೀಸಿನ ಸಂದೇಹವಾದಿಗಳು.

ಅವರಲ್ಲಿ ಮೊದಲಿಗನೆಂದು ಹೆಸರಾದವನು ಎಲಿಸ್ ಎಂಬ ಊರಿನ ಪಿರ್ರೋ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಈತನು ಮೊದಲು ಚಿತ್ರಕಾರನಾಗಿದ್ದನು. ಅಲೆಕ್ಸಾಂಡರನ ದಂಡಿನೊಡನೆ ಭಾರತಕ್ಕೆ ಬಂದು, ಇಲ್ಲಿಯ ಬೆತ್ತಲೆ ತಪಸ್ವಿಗಳನ್ನು ಕಂಡನೆಂದು ಪುರಾತನ ಗ್ರಂಥಗಳು ಹೇಳುತ್ತವೆ. ತನ್ನ ತತ್ತ್ವವನ್ನು ಆತನು ಬರೆದಿಡಲಿಲ್ಲ. ಶಿಷ್ಯನಾದ ಟೈಮನ್ ಎಂಬವನ ಬರಹಗಳಿಂದ ಅದು ಉಳಿದುಬಂದಿತು. ವಸ್ತುಗಳ ನಿಜಸ್ವರೂಪವನ್ನು ಹೀಗೆಯೇ ಎಂದು ಖಚಿತವಾಗಿ ಹೇಳಲು ಬಾರದಿರುವುದರಿಂದ, ಆತುರದ ತೀರ್ಪನ್ನು ತಡೆಹಿಡಿಯಬೇಕು. ಹಾಗೆ ತಡೆಹಿಡಿದವನ ಮನಸ್ಸು ಶಾಂತವಾಗಿರುತ್ತದೆ ಎಂಬುದು ಆ ಬೋಧೆಯ ಸಾರ.

ಇಂತಹವನನ್ನು ಜನರು ಹಾಸ್ಯ ಮಾಡದೆ ಬಿಟ್ಟಾರೆಯೆ? ಎದುರಿಗೆ ಬಂಡಿ ಬಂದರೂ ಪಿರ್ರೋ ಸರಿಯುವುದಿಲ್ಲ, ಮುಂದೆ ಪ್ರಪಾತವಿದ್ದರೂ ನಿಲ್ಲುವುದಿಲ್ಲ, ಗೆಳೆಯರೇ ಅವನನ್ನು ಕಾಯಬೇಕು ಎಂಬ ಕಥೆಗಳು ಹುಟ್ಟಿದವು. ಆದರೆ ಆತನು ತೊಂಬತ್ತು ವರ್ಷದವರೆಗೆ ಬದುಕಿದನೆಂದೂ ಅದೇ ಗ್ರಂಥಗಳು ಹೇಳುತ್ತವೆ! ಬಂಡಿಗೆ ಎದುರು ನಡೆಯುವವನಿಗೆ ಅಷ್ಟು ಆಯುಸ್ಸು ಸಾಧ್ಯವೆ? ಸಂದೇಹವಾದಿಯು ಹಸಿದಾಗ ಉಣ್ಣುತ್ತಾನೆ, ಊರಿನ ರೀತಿನೀತಿಗಳನ್ನು ಅನುಸರಿಸುತ್ತಾನೆ. ತನಗೆ ಕಂಡದ್ದೇ ಕಡೆಯ ಸತ್ಯವೆಂದು ಮಾತ್ರ ಸಾರುವುದಿಲ್ಲ.

ಪ್ಲೇಟೋ ಸ್ಥಾಪಿಸಿದ ಅಥೆನ್ಸಿನ ವಿದ್ಯಾಪೀಠದಲ್ಲಿಯೂ ಸಂದೇಹವಾದವು ಬೇರೂರಿತು. ಆ ಪೀಠದ ಮುಖ್ಯನಾಗಿದ್ದ ಕಾರ್ನಿಯಡೀಸನು ಕ್ರಿಸ್ತಪೂರ್ವ 155ರಲ್ಲಿ ರಾಯಭಾರಿಯಾಗಿ ರೋಮಿಗೆ ಹೋಗಿ, ಒಂದು ದಿನ ನ್ಯಾಯದ ಪರವಾಗಿಯೂ ಮರುದಿನ ಅದಕ್ಕೆ ವಿರುದ್ಧವಾಗಿಯೂ ಉಪನ್ಯಾಸ ಮಾಡಿದನು. ಕೇಳಿದ ತರುಣರು ಬೆರಗಾದರು. ಹಿರಿಯನಾದ ಕೇಟೋ ಮಾತ್ರ, ಇಂತಹವರನ್ನು ಬೇಗನೆ ಊರಿಗೆ ಕಳುಹಿಸುವುದು ಲೇಸೆಂದು ಸಭೆಯನ್ನು ಒತ್ತಾಯಿಸಿದನು.

ಕಾರ್ನಿಯಡೀಸನ ಹೆಸರಿನಲ್ಲಿ ಉಳಿದಿರುವ ಒಂದು ದೃಷ್ಟಾಂತವು ಭಾರತೀಯರಿಗೆ ಹೊಸತಲ್ಲ. ಕತ್ತಲೆ ಕೋಣೆಗೆ ಹೊಕ್ಕವನಿಗೆ ಮೂಲೆಯಲ್ಲಿ ಸುರುಳಿಯಾಗಿ ಬಿದ್ದ ಹಗ್ಗವು ಹಾವಿನಂತೆ ಕಾಣುತ್ತದೆ. ಆತನು ಹಾರಿ ಹಿಂದೆ ಸರಿಯುತ್ತಾನೆ. ಆಮೇಲೆ ತಿರುಗಿ ನೋಡುತ್ತಾನೆ, ಅದು ಅಲುಗುವುದಿಲ್ಲ. ಹಾವಲ್ಲವೆಂದು ತೋರುತ್ತದೆ. ಆದರೆ ಚಳಿಗಾಲದಲ್ಲಿ ಹಾವೂ ಅಲುಗದೆ ಬಿದ್ದಿರುತ್ತದಲ್ಲವೆ? ಆದುದರಿಂದ ಕೋಲಿನಿಂದ ಮುಟ್ಟಿ ನೋಡುತ್ತಾನೆ. ಆಗ ಹಗ್ಗವೆಂದು ಒಪ್ಪುತ್ತಾನೆ. ರಜ್ಜು-ಸರ್ಪದ ಇದೇ ದೃಷ್ಟಾಂತವನ್ನು ಶಂಕರಾಚಾರ್ಯರ ಅದ್ವೈತವು ಜಗತ್ತಿನ ಮಿಥ್ಯೆಯನ್ನು ವಿವರಿಸಲು ಬಳಸಿತು. ಗ್ರೀಕನ ಗಮನವಾದರೋ ಕೋಲಿನ ಮೇಲಿತ್ತು. ಎಲ್ಲ ವಿಷಯಕ್ಕೂ ಒಂದೇ ಬಗೆಯ ಪರೀಕ್ಷೆ ಬೇಡ. ಕಾಲವಿದ್ದಷ್ಟು, ವಿಷಯದ ತೂಕವಿದ್ದಷ್ಟು ಪರೀಕ್ಷಿಸಬೇಕು ಎಂಬುದು ಆತನ ಅಭಿಪ್ರಾಯ.

ಈ ವಿಚಾರಗಳನ್ನೆಲ್ಲ ಕೂಡಿಟ್ಟವನು ಕ್ರಿಸ್ತಶಕದ ಆದಿಶತಮಾನಗಳಲ್ಲಿ ಬಾಳಿದ ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯ. ಸತ್ಯವು ಸಿಕ್ಕಿತೆನ್ನುವವರು, ಅದು ಸಿಕ್ಕುವುದೇ ಇಲ್ಲವೆನ್ನುವವರು, ಇನ್ನೂ ಹುಡುಕುತ್ತಿರುವವರು ಎಂದು ಆತನು ತತ್ತ್ವಜ್ಞರನ್ನು ಮೂರು ಬಗೆಯಾಗಿ ವಿಂಗಡಿಸಿದನು. ಸಂದೇಹವಾದಿಯು ಮೂರನೆಯವನು. ಗ್ರೀಕ್ ಭಾಷೆಯಲ್ಲಿ ಅವನಿಗಿದ್ದ ಹೆಸರಿಗೆ 'ಅರಸುವವನು' ಎಂದೇ ಅರ್ಥ. ಸೆಕ್ಸ್ಟಸನ ಗ್ರಂಥವು 1562ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದಾಗ ಯುರೋಪಿನ ವಿಚಾರಲೋಕವು ಕದಡಿತು. ಫ್ರಾನ್ಸಿನ ಪ್ರಬಂಧಕಾರ ಮಾಂಟೇನನು ಆತನ ವಾಕ್ಯಗಳನ್ನು ತನ್ನ ಗ್ರಂಥಾಲಯದ ತೊಲೆಗಳ ಮೇಲೆ ಬರೆಯಿಸಿದನು. 1641ರಲ್ಲಿ ಡೆಕಾರ್ಟನು ಎಲ್ಲವನ್ನೂ ಸಂಶಯಿಸುವುದರಿಂದಲೇ ಹೊಸ ತತ್ತ್ವಶಾಸ್ತ್ರವನ್ನು ಆರಂಭಿಸಿದನು.

ಭಾರತದಲ್ಲಿಯೂ ಈ ಧಾರೆ ಹಳೆಯದು. ಬುದ್ಧನ ಸಮಕಾಲೀನನಾದ ಸಂಜಯ ಬೇಲಟ್ಠಿಪುತ್ತನು ಪರಲೋಕ ಉಂಟೆಂದಾಗಲಿ ಇಲ್ಲವೆಂದಾಗಲಿ ಹೇಳಲು ಒಪ್ಪಲಿಲ್ಲ. ಜಯರಾಶಿ ಭಟ್ಟನು 'ತತ್ತ್ವೋಪಪ್ಲವಸಿಂಹ'ದಲ್ಲಿ ಪ್ರಮಾಣಗಳನ್ನೆಲ್ಲ ಒಂದೊಂದಾಗಿ ಖಂಡಿಸಿದನು. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥದ ತಾಳೆಗರಿ ಗುಜರಾತಿನ ಪಾಟಣದಲ್ಲಿ 1926ರಲ್ಲಿ ದೊರೆತು, 1940ರಲ್ಲಿ ಅಚ್ಚಾಯಿತು. ನ್ಯಾಯದರ್ಶನವು ಇಂತಹ ಸರ್ವಸಂಶಯವನ್ನು ಒಪ್ಪದು. ಆದರೂ ಅದು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಸಂಶಯದ ಬಾಗಿಲನ್ನು ದಾಟದೆ ನಿರ್ಣಯದ ಮನೆಯನ್ನು ಹೊಗುವಂತಿಲ್ಲ.

ಇದು ಪಂಡಿತರ ಚರ್ಚೆಯಾಗಿಯೇ ಉಳಿಯಲಿಲ್ಲ ಎಂಬುದಕ್ಕೆ ಬೀದರ ಜಿಲ್ಲೆಯೇ ಸಾಕ್ಷಿ. ಖಟಕ ಚಿಂಚೋಳಿಯಿರುವ ಭಾಲ್ಕಿ ತಾಲ್ಲೂಕಿಗೆ ಹೊಂದಿಕೊಂಡಿರುವ ಬಸವಕಲ್ಯಾಣವು ಒಮ್ಮೆ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು ಒಂಬೈನೂರು ವರ್ಷಗಳ ಹಿಂದೆ, ವಿಜ್ಞಾನೇಶ್ವರನು ಅಲ್ಲಿ 'ಮಿತಾಕ್ಷರ'ವನ್ನು ರಚಿಸಿದನು. ಯಾಜ್ಞವಲ್ಕ್ಯ ಸ್ಮೃತಿಯ ಆ ವ್ಯಾಖ್ಯಾನದಲ್ಲಿ ನ್ಯಾಯವಿಚಾರಣೆಗೆ ನಾಲ್ಕು ಪಾದಗಳು: ದೂರು, ಪ್ರತಿವಾದಿಯ ಉತ್ತರ, ಪ್ರಮಾಣ, ಕಡೆಯಲ್ಲಿ ತೀರ್ಪು. ಪ್ರಮಾಣವೆಂದರೆ ಬರಹ, ಅನುಭೋಗ, ಸಾಕ್ಷಿ. ದೂರು ಎಷ್ಟೇ ಘೋರವಾಗಿರಲಿ, ಎದುರಿನವನ ಮಾತನ್ನು ಕೇಳದೆ ನಾಲ್ಕನೆಯ ಪಾದಕ್ಕೆ ಜಿಗಿಯುವಂತಿಲ್ಲ. ಕಾರ್ನಿಯಡೀಸನು ಕೋಲಿಗೆ ಕೊಟ್ಟ ಕೆಲಸವನ್ನು ಇಲ್ಲಿ ಸಾಕ್ಷಿಗೆ ಕೊಡಲಾಗಿದೆ.

ಅದೇ ಜಿಲ್ಲೆಯ ಔರಾದ ಭಾಗದ ಮುರ್ಕಿ ಎಂಬ ಹಳ್ಳಿಯಲ್ಲಿ 2018ರ ಜುಲೈ 13ರಂದು ಈ ಪಾದಗಳು ತಲೆಕೆಳಗಾದವು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ವಾಟ್ಸ್‌ಆ್ಯಪ್ ಮೂಲಕ ಊರೂರು ಹಬ್ಬಿತ್ತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅಷ್ಟು ಸಾಕಾಯಿತು. ಅವರ ಚಿತ್ರವು ಅವರ ಕಾರಿಗಿಂತ ಮುಂಚೆ ಮುಂದಿನ ಊರನ್ನು ಸೇರಿತು. ಜನರು ದಾರಿಗೆ ಅಡ್ಡಗಟ್ಟಿದರು. ಪೆಟ್ಟು ತಿಂದ ಒಬ್ಬ ತರುಣ ಇಂಜಿನಿಯರು ಪ್ರಾಣ ಬಿಟ್ಟನು, ಜೊತೆಯವರು ಗಾಯಗೊಂಡರು, ಬಿಡಿಸಹೋದ ಪೊಲೀಸರಿಗೂ ಪೆಟ್ಟಾಯಿತು. ಆತನು ಮಕ್ಕಳ ಕಳ್ಳನಾಗಿರಲಿಲ್ಲ.

ಆ ಗುಂಪಿನಲ್ಲಿದ್ದವರನ್ನು ಕೇಳಿದ್ದರೆ, ಸಂಶಯ ಬಂದುದರಿಂದಲೇ ತಡೆದೆವೆಂದು ಹೇಳಿಯಾರು. ಆದರೆ ಅವರಿಗೆ ಬಂದದ್ದು ಅಪರಿಚಿತನ ಮೇಲಿನ ಗುಮಾನಿ. ಕೈಯಲ್ಲಿದ್ದ ಸುದ್ದಿಯ ಮೇಲೆ ಒಬ್ಬರಿಗೂ ಸಂಶಯ ಬರಲಿಲ್ಲ. ಯಾರ ಮಗು ಕಳೆದಿದೆ? ಕಂಡವರು ಯಾರು? ಈ ಎರಡು ಪ್ರಶ್ನೆಗಳು ಎದ್ದಿದ್ದರೆ ಹಗ್ಗವು ಹಗ್ಗವಾಗಿಯೇ ಕಾಣುತ್ತಿತ್ತು. ಮಕ್ಕಳ ಮೇಲಿನ ಪ್ರೀತಿಯೇ ಅವರನ್ನು ಹೊರಡಿಸಿತೆಂಬುದೂ ನಿಜವಿರಬಹುದು. ಪ್ರೀತಿಯೂ ಭಯವೂ ಕೂಡಿದ ಗಳಿಗೆಯಲ್ಲಿ ಕೋಲು ಪರೀಕ್ಷೆಯ ಸಾಧನವಾಗಿ ಉಳಿಯದೆ ಹೊಡೆಯುವ ಆಯುಧವಾಗಿಬಿಡುತ್ತದೆ.

ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸುದ್ದಿಯನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಯಂತ್ರಕ್ಕೆ ಹೊರಗಿನಿಂದ ಕಡಿವಾಣ ಹಾಕಬಹುದು. ಮನಸ್ಸಿಗೆ ಅದನ್ನು ಅವರವರೇ ಹಾಕಿಕೊಳ್ಳಬೇಕು. ಸಂದೇಹವಾದವು ತತ್ತ್ವಶಾಸ್ತ್ರಕ್ಕೆ ದೊಡ್ಡ ಸಿದ್ಧಾಂತವೊಂದನ್ನು ಕಟ್ಟಿಕೊಡಲಿಲ್ಲವೆಂಬ ಆಕ್ಷೇಪವುಂಟು, ಅದು ಸತ್ಯವೇ. ಅದು ಕೊಟ್ಟದ್ದು ತೀರ್ಪಿಗೆ ಮೊದಲು ಒಂದು ಕ್ಷಣದ ಬಿಡುವು. ಮುರ್ಕಿಯ ದಾರಿಯಲ್ಲಿ ಒಬ್ಬ ಮನುಷ್ಯನ ಜೀವ ಉಳಿಯಲು ಅಷ್ಟೇ ಬೇಕಾಗಿತ್ತು.