ಡೆಶೂಟ್ಸ್ ನದಿಯಲ್ಲಿ ಒಂದು ಸಂಜೆ

ಮೂರು ದಿನ ಸೊಂಟದವರೆಗಿನ ನೀರಿನಲ್ಲಿ ಗಾಳ ಹಿಡಿದು ನಿಂತು, ಬರಿಗೈಯಲ್ಲಿ ಮರಳಿದ ಮೇಷ್ಟರನ್ನು ಕಂಡು ವಾಚಕರು ನಗದಿರಲಿ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿದ್ದ ತಮ್ಮನ ಮನೆಗೆ ಹೋದ ನನ್ನನ್ನು ಅವನು ಮಾಪಿನ್ ಎಂಬ ಪುಟ್ಟ ಊರಿನ ಬಳಿ ಡೆಶೂಟ್ಸ್ ನದಿಗೆ ಇಳಿಸಿದ್ದ. ಇಕ್ಕೆಲಗಳಲ್ಲಿ ಕರಿಗಲ್ಲಿನ ಬೋಳು ಕಣಿವೆ, ನಡುವೆ ಹಸಿರು ನೀರು. ದೋಣಿಯಲ್ಲಿದ್ದು ಗಾಳ ಹಾಕುವುದು ಅಲ್ಲಿ ನಿಷಿದ್ಧ. ಜಾರುವ ಬಂಡೆಗಳ ಮೇಲೆ ನಿಂತೇ ಬೀಸಬೇಕು.

ಸ್ಟೀಲ್‌ಹೆಡ್ ಎಂಬುದು ಬೇರೆ ಜಾತಿಯ ಮೀನಲ್ಲ. ಕಡಲಿಗೆ ಹೋಗಿ ಬಂದ ರೇನ್‌ಬೋ ಟ್ರೌಟ್. ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತವರಿಗೆ ಮರಳುತ್ತದೆ. ಡೆಶೂಟ್ಸನ್ನು ಸೇರಬೇಕಾದರೆ ಕೊಲಂಬಿಯಾ ನದಿಯ ಬಾನೆವಿಲ್ ಮತ್ತು ಡ್ಯಾಲ್ಸ್ ಅಣೆಕಟ್ಟುಗಳ ಮೀನೇಣಿಗಳನ್ನು ಹತ್ತಿ ಬರಬೇಕು. 1957ರಲ್ಲಿ ಡ್ಯಾಲ್ಸ್ ಕಟ್ಟೆಯ ಹಿಂದೆ ನೀರು ನಿಂತಾಗ, ಮೂಲನಿವಾಸಿಗಳು ಸಾವಿರಾರು ವರ್ಷ ಮೀನು ಹಿಡಿದಿದ್ದ ಸೆಲೈಲೊ ಜಲಪಾತವೇ ಮುಳುಗಿಹೋಯಿತು.

ನಾಲ್ಕನೆಯ ಸಂಜೆ, ಬಿಸಿಲು ಕಣಿವೆಯನ್ನು ಬಿಟ್ಟ ಹೊತ್ತಿನಲ್ಲಿ, ದಾರ ಒಮ್ಮೆಲೇ ಬಿಗಿಯಿತು. ಮೀನು ಎರಡು ಬಾರಿ ನೀರಿನಿಂದ ಮೇಲೆ ಹಾರಿತು. ನನ್ನ ಮೊಣಕಾಲು ನಡುಗಿದ್ದು ಚಳಿಗಲ್ಲ. ಅದನ್ನು ದಡಕ್ಕೆ ತಂದಾಗ ತಮ್ಮ ಮೊದಲು ನೋಡಿದ್ದು ಅದರ ಬೆನ್ನನ್ನು. ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮೀನುಗಳಿಗೆ ಬಾಲದ ಬಳಿಯ ಪುಟ್ಟ ಈಜುರೆಕ್ಕೆಯನ್ನು ಕತ್ತರಿಸಿರುತ್ತಾರೆ, ಅವನ್ನು ಇಟ್ಟುಕೊಳ್ಳಬಹುದು. ಇದರ ರೆಕ್ಕೆ ಇಡಿಯಾಗಿತ್ತು.

“ಬಿಡಬೇಕು,” ಎಂದ.

ಹೇಮಾವತಿಯಲ್ಲಿ ಹಿಡಿದುದನ್ನೆಲ್ಲ ಮನೆಗೊಯ್ದು ಬೆಳೆದವನು ನಾನು. ಒಂದು ಗಳಿಗೆ ಕೈ ಸಡಿಲಲಿಲ್ಲ. ಬಳಿಕ ಅದರ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ತಿರುಗಿಸಿ ಹಿಡಿದೆ. ಕಿವಿರು ಆಡಿತು, ಬಾಲದ ಒಂದೇ ಹೊಡೆತಕ್ಕೆ ನನ್ನ ಅಂಗಿಯೆಲ್ಲ ತೋಯ್ದಿತು. ತಮ್ಮ ಮಾತನಾಡದೆ ದಾರ ಸುತ್ತತೊಡಗಿದ.